ಆನ್‌ಲೈನಿನ ‘ಏರ್‌ವೇ ಕಿಟ್’: ಮಲೆನಾಡಿನ ತೋಟದ ಮನೆಗೆ ಇದರಲ್ಲಿ ಎಷ್ಟು ಬೇಕು, ಎಷ್ಟು ಬೇಡ

ಉಸಿರುದಾರಿ ಕಟ್ಟಿಕೊಂಡಾಗ ಬಳಸಲೆಂದು ‘ತುರ್ತು ಏರ್‌ವೇ ಕಿಟ್’ ಹೆಸರಿನಲ್ಲಿ ಆನ್‌ಲೈನಿನಲ್ಲಿ ಸಿಗುವ ಪೆಟ್ಟಿಗೆಗಳ ಸ್ಟಿಕ್ಕರ್ ಬೇರೆ ಬೇರೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಬಾಯಿಗೆ ಹಾಕುವ ಬಾಗಿದ ಪ್ಲಾಸ್ಟಿಕ್ ನಳಿಕೆಗಳ ಒಂದು ಸೆಟ್, ಮೂಗಿಗೆ ಹಾಕುವ ಎರಡು ಮೆತ್ತನೆಯ ನಳಿಕೆ, ಕೈಯಿಂದ ಒತ್ತಿ ಉಸಿರು ಕೊಡುವ, ಮಾಸ್ಕ್ ಸಮೇತದ ಒಂದು ಆಂಬು ಬ್ಯಾಗ್, ಗಂಟಲಿನ ದ್ರವ ಎಳೆಯಲು ಕಾಲಲ್ಲಿ ಒತ್ತುವ ಸಕ್ಷನ್ ಪಂಪ್, ಬಾಯಿ ತೆರೆಸುವ ಪ್ಲಾಸ್ಟಿಕ್ ಸ್ಕ್ರೂ, ಒಂದು ಟಾರ್ಚು. ಈಗೀಗ ಇವುಗಳ ಜೊತೆ ಮುಖಕ್ಕೆ ಒತ್ತಿ ಎಳೆಯುವ ‘ಆಂಟಿ ಚೋಕಿಂಗ್’ ಪಂಪೂ ಸೇರಿಕೊಂಡಿದೆ. ಹೋಂಸ್ಟೇ, ಎಸ್ಟೇಟ್, ವಸತಿಶಾಲೆಗಳಲ್ಲಿ ಇಟ್ಟುಕೊಳ್ಳಿ ಎಂಬುದು ಜಾಹೀರಾತು.

ಏನಾದರೂ ಒಂದು ಕೈಗೆ ಸಿಗುವಂತಿರಬೇಕು ಎಂಬ ಆಲೋಚನೆ ನಮ್ಮ ಕಡೆಗೆ ಸರಿಯೇ. ಆಗುಂಬೆಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸುಮಾರು 90 ಕಿ.ಮೀ., ಸಾಗರದಿಂದ 70ರ ಆಸುಪಾಸು, ತೀರ್ಥಹಳ್ಳಿಯಿಂದ 60. ಉಸಿರುದಾರಿ ಪೂರ್ತಿ ಮುಚ್ಚಿಹೋದರೆ ಮಿದುಳಿಗೆ ಪೆಟ್ಟಾಗಲು ನಾಲ್ಕೈದು ನಿಮಿಷ ಸಾಕು. ಈ ಎರಡು ಲೆಕ್ಕ ಒಂದಕ್ಕೊಂದು ಹೊಂದುವುದೇ ಇಲ್ಲ. ಆದರೆ ಪೆಟ್ಟಿಗೆಯ ಮೇಲೆ ಬರೆದಿರುವ ‘ಉಸಿರುಕಟ್ಟುವ ಎಲ್ಲ ಸಂದರ್ಭಗಳಿಗೂ’ ಎಂಬ ಮಾತನ್ನು ಮಾತ್ರ ನಂಬಬೇಡಿ. ಇದರೊಳಗಿನ ಮೂರು ಸಾಮಾನು ನಿಜಕ್ಕೂ ಜೀವ ಉಳಿಸುತ್ತವೆ, ಒಂದು ಅಪಾಯಕಾರಿ, ಒಂದನ್ನು ಕೊನೆಯ ಉಪಾಯವಾಗಿ ಮಾತ್ರ ಒಪ್ಪಬಹುದು. ಯಾವುದು ಯಾವುದೆಂದು ತಿಳಿಯಬೇಕಾದರೆ ಉಸಿರುದಾರಿ ಎಷ್ಟು ಬಗೆಯಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದು ಮೊದಲು ಗೊತ್ತಿರಬೇಕು.

ಮೂಗು, ಬಾಯಿ, ಗಂಟಲಿನಿಂದ ಧ್ವನಿಪೆಟ್ಟಿಗೆಯವರೆಗಿನದು ಮೇಲಿನ ಉಸಿರುದಾರಿ. ಕತ್ತಿನಲ್ಲಿರುವ ಶ್ವಾಸನಾಳದ ಮೇಲ್ಭಾಗವನ್ನೂ ಇದಕ್ಕೇ ಸೇರಿಸುವುದುಂಟು. ವೈದ್ಯರು ಅಡ್ಡಿಯನ್ನು ಹಲವು ರೀತಿ ವಿಂಗಡಿಸುತ್ತಾರೆ. ಪೂರ್ತಿಯೋ ಅರ್ಧವೋ, ದಿಢೀರನೆ ಬಂದದ್ದೋ ತಿಂಗಳುಗಟ್ಟಲೆ ಬೆಳೆದದ್ದೋ, ಹುಟ್ಟಿನಿಂದ ಬಂದದ್ದೋ ಆಮೇಲಿನದೋ, ಧ್ವನಿತಂತುಗಳ ಮೇಲೋ ಅವುಗಳಲ್ಲೋ ಕೆಳಗೋ. ಕೊಳವೆಯ ಒಳಗೆ ಏನೋ ಸಿಕ್ಕಿಕೊಂಡಿದೆಯೋ, ಗೋಡೆಯೇ ಊದಿದೆಯೋ, ಗಳಗಂಡದಂಥದ್ದು ಹೊರಗಿನಿಂದ ಒತ್ತುತ್ತಿದೆಯೋ ಎಂಬುದು ಇನ್ನೊಂದು ವಿಂಗಡಣೆ. ಆಸ್ಪತ್ರೆಯಲ್ಲಿ ಇವೆಲ್ಲ ಬೇಕು. ಕಿಟ್ ಕೈಯಲ್ಲಿ ಹಿಡಿದು ನಿಂತವರಿಗೆ ಇನ್ನೂ ಸರಳವಾದ ಒಂದು ವಿಂಗಡಣೆ ಸಾಕು: ಮೆತ್ತನೆಯ ಭಾಗ ಕುಸಿದಿದೆಯೋ, ದ್ರವ ತುಂಬಿದೆಯೋ, ಗಟ್ಟಿ ವಸ್ತು ಸಿಕ್ಕಿದೆಯೋ, ಊತವೋ, ನಿಧಾನವಾಗಿ ಕಿರಿದಾಗುತ್ತ ಬಂದಿದೆಯೋ. ಮೊದಲೆರಡಕ್ಕೆ ಕಿಟ್ ಚೆನ್ನಾಗಿ ಒದಗುತ್ತದೆ. ಮೂರನೆಯದಕ್ಕೆ ನಿಮ್ಮ ಎರಡು ಕೈಯೇ ಹೆಚ್ಚು. ಕೊನೆಯ ಎರಡಕ್ಕೆ ಇದರಲ್ಲಿ ಮದ್ದಿಲ್ಲ.

ಗುರುತಿಸಲು ಕಿವಿ ಬೇಕು. ಪ್ರಜ್ಞೆ ಇಲ್ಲದವರು ಗೊರಕೆ ಹೊಡೆದಂತೆ ಉಸಿರಾಡಿದರೆ ನಾಲಿಗೆ ಹಿಂದಕ್ಕೆ ಬಿದ್ದಿದೆ. ಗೊಳಗೊಳ ಎಂದರೆ ವಾಂತಿ, ರಕ್ತ ಅಥವಾ ಜೊಲ್ಲು. ಉಸಿರು ಒಳಗೆ ಎಳೆದುಕೊಳ್ಳುವಾಗ ಮಾತ್ರ ಕೀರಲು ಶಬ್ದ ಬಂದರೆ ತೊಂದರೆ ಧ್ವನಿಪೆಟ್ಟಿಗೆಯಲ್ಲಿ ಅಥವಾ ಅದರ ಮೇಲೆ. ಎಳೆಯುವಾಗಲೂ ಬಿಡುವಾಗಲೂ ಬಂದರೆ ಸಾಮಾನ್ಯವಾಗಿ ಅದಕ್ಕೂ ಕೆಳಗೆ. ಹೊಟ್ಟೆ ಉಬ್ಬುವಾಗ ಎದೆ ಒಳಗೆ ಹೋಗುತ್ತ, ಶಬ್ದವೇ ಇಲ್ಲದಿದ್ದರೆ ದಾರಿ ಪೂರ್ತಿ ಮುಚ್ಚಿದೆ. ಇಷ್ಟು ಹೊತ್ತು ಗೊರಗೊರ ಎನ್ನುತ್ತಿದ್ದವರು ಸುಮ್ಮನಾದರೆ ಸಮಾಧಾನ ಪಡಬೇಡಿ, ಎದೆ ಏಳುತ್ತಿದೆಯೇ ನೋಡಿ.

ಈಗ ಪೆಟ್ಟಿಗೆ ತೆರೆಯೋಣ.

ಮೊದಲು ಬಾಯಿಯ ನಳಿಕೆ. ಆರ್ಥರ್ ಗ್ಯುಡೆಲ್ ಎಂಬ ಅರಿವಳಿಕೆ ತಜ್ಞ 1933ರಲ್ಲಿ ಬಳಕೆಗೆ ತಂದದ್ದರಿಂದ ಅದಕ್ಕೆ ಗ್ಯುಡೆಲ್ ಎಂದೇ ಹೆಸರು. ಕಿಟ್‌ಗಳಲ್ಲಿ 0ಯಿಂದ 4ರವರೆಗೆ ಅಳತೆಗಳಿರುತ್ತವೆ. ದೊಡ್ಡವರಿಗೆ ಬೇಕಾದದ್ದು 80, 90, 100 ಮಿ.ಮೀ. ಉದ್ದದ 2, 3, 4ನೆಯ ಅಳತೆ. ಬಣ್ಣ ನೋಡಿ ಆರಿಸುವುದಕ್ಕಿಂತ ಮುಖದ ಮೇಲೆ ಇಟ್ಟು ಅಳೆಯಿರಿ: ಮುಂಭಾಗದ ಚಪ್ಪಟೆ ಅಂಚು ಮುಂದಿನ ಹಲ್ಲಿನ ಹತ್ತಿರ ಇಟ್ಟರೆ ತುದಿ ದವಡೆಯ ಮೂಲೆಗೆ ಮುಟ್ಟಬೇಕು. ಚಿಕ್ಕದಾದರೆ ನಾಲಿಗೆಯನ್ನೇ ಇನ್ನಷ್ಟು ಹಿಂದಕ್ಕೆ ತಳ್ಳುತ್ತದೆ. ದೊಡ್ಡದಾದರೆ ತುದಿ ಧ್ವನಿಪೆಟ್ಟಿಗೆಯ ಮುಚ್ಚಳವನ್ನು ಒತ್ತಿ, ಧ್ವನಿತಂತುಗಳು ಬಿಗಿದು ಮುಚ್ಚಿಕೊಳ್ಳಬಹುದು. ದೊಡ್ಡವರಿಗೆ ತುದಿ ಅಂಗುಳದ ಕಡೆಗಿರುವಂತೆ ತಲೆಕೆಳಗಾಗಿ ಹಾಕಿ, ಅರ್ಧ ದಾರಿಯಲ್ಲಿ ಅರ್ಧ ಸುತ್ತು (180 ಡಿಗ್ರಿ) ತಿರುಗಿಸಿ ಒಳಗೆ ಜಾರಿಸಬೇಕು. ಮಕ್ಕಳಿಗೆ ತಿರುಗಿಸುವುದು ಬೇಡ. ಮೃದುವಾದ ಅಂಗುಳ ಗಾಯವಾಗುತ್ತದೆ. ನಾಲಿಗೆಯನ್ನು ಚಪ್ಪಟೆ ಕಡ್ಡಿಯಿಂದ ಒತ್ತಿ ನೇರವಾಗಿಯೇ ಹಾಕಿ. ಓಕರಿಕೆ ಬಂದರೆ ತಕ್ಷಣ ತೆಗೆಯಿರಿ. ಪ್ರಜ್ಞೆ ಇರುವವರಿಗೆ ಇದನ್ನು ಹಾಕಿದರೆ ವಾಂತಿಯಾಗಿ ಶ್ವಾಸನಾಳಕ್ಕೆ ಹೋಗುತ್ತದೆ, ಆಗ ಇದ್ದ ತೊಂದರೆ ಎರಡಾಗುತ್ತದೆ.

ಕಿಟ್ ಮಾರುವವರು ಮಲೆನಾಡನ್ನು ಕಂಡಿಲ್ಲ ಎನ್ನಿಸುವುದು ಇಲ್ಲಿಯೇ. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಅಗಿದವರಲ್ಲಿ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಈ ಕಾಯಿಲೆಯ ಮುಖ್ಯ ಕಾರಣ ಅಡಿಕೆಯೇ. ತಂಬಾಕು ಸೇರಿಸದಿದ್ದರೂ ಬರುತ್ತದೆ. ಆರೋಗ್ಯವಾಗಿರುವವರ ಬಾಯಿಗೆ ಅವರದೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿದರೆ ಹಿಡಿಯುತ್ತದೆ. ಒಂದೂವರೆ ಬೆರಳು ಮಾತ್ರ ಹಿಡಿಯುವ ಬಾಯಿಗೆ ಗ್ಯುಡೆಲ್ ಹಾಕಿ ತಿರುಗಿಸಲು ಜಾಗವೇ ಇಲ್ಲ. ಪೆಟ್ಟಿಗೆಯಲ್ಲಿರುವ ಪ್ಲಾಸ್ಟಿಕ್ ಸ್ಕ್ರೂ ನೆನಪಾಗುವುದು ಆಗಲೇ. ಅದನ್ನು ದಯವಿಟ್ಟು ಎಸೆದುಬಿಡಿ. ನಾರುಗಟ್ಟಿದ ಬಾಯಿಯನ್ನು ಅದು ತೆರೆಯುವುದಿಲ್ಲ; ಹಲ್ಲು ಮುರಿಯುತ್ತದೆ, ಮುರಿದ ಹಲ್ಲು ಗಂಟಲಿಗೆ ಬೀಳುತ್ತದೆ. ಫಿಟ್ಸ್ ಬಂದವರ ಬಾಯಿಗೆ ತುರುಕಲು ಅಂತಲೂ ಅದನ್ನು ಮಾರುತ್ತಾರೆ. ಫಿಟ್ಸ್‌ನಲ್ಲಿ ಬಾಯಿಗೆ ಏನನ್ನೂ ಹಾಕಬಾರದು, ಮಗ್ಗುಲಾಗಿ ಮಲಗಿಸಿದರೆ ಸಾಕು.

ಬಾಯಿ ತೆರೆಯದವರಿಗೆ ಮೂಗಿನ ನಳಿಕೆ ಒಳ್ಳೆಯ ದಾರಿ, ಹಾಗಾಗಿ ನಮ್ಮ ಲೆಕ್ಕದಲ್ಲಿ ಕಿಟ್‌ನ ಅತ್ಯಂತ ಉಪಯುಕ್ತ ಸಾಮಾನುಗಳಲ್ಲಿ ಇದೂ ಒಂದು. ದೊಡ್ಡವರಿಗೆ ಒಳವ್ಯಾಸ 6 ಅಥವಾ 7 ಮಿ.ಮೀ. ಸಾಕು. ಉದ್ದ ಮೂಗಿನ ಹೊಳ್ಳೆಯಿಂದ ಕಿವಿಯ ಹಾಲೆಯವರೆಗೆ. ನೀರಿನಲ್ಲಿ ಕರಗುವ ಜೆಲ್ಲಿ ಚೆನ್ನಾಗಿ ಸವರಿ, ಓರೆಯಾಗಿ ಕತ್ತರಿಸಿದ ಬಾಯಿ ಮೂಗಿನ ನಡುಗೋಡೆಯ ಕಡೆಗಿರುವಂತೆ ಹಿಡಿದು, ಮೇಲಕ್ಕೆ ತಳ್ಳದೆ ಮುಖಕ್ಕೆ ನೇರವಾಗಿ ಹಿಂದಕ್ಕೆ ಜಾರಿಸಬೇಕು. ತಡೆ ಸಿಕ್ಕರೆ ಒತ್ತದೆ ಇನ್ನೊಂದು ಹೊಳ್ಳೆ ನೋಡಿ. ಇದನ್ನು ಅರೆಪ್ರಜ್ಞೆಯಲ್ಲಿರುವವರೂ ಸಹಿಸುತ್ತಾರೆ. ಅಡಿಕೆ ಮರದಿಂದ ಬಿದ್ದ ಕೊನೆಗೌಡನ (ಮರವೇರಿ ಅಡಿಕೆ ಗೊನೆ ಇಳಿಸುವವನ) ವಿಷಯ ಬೇರೆ: ಮೂಗು, ಕಿವಿಯಿಂದ ರಕ್ತವೋ ತಿಳಿನೀರೋ ಇಳಿಯುತ್ತಿದ್ದರೆ ತಲೆಬುರುಡೆಯ ತಳ ಒಡೆದಿರಬಹುದು, ಮೂಗಿಗೆ ನಳಿಕೆ ಹಾಕಬಾರದು. ಕತ್ತಿನ ಮೂಳೆಗೆ ಪೆಟ್ಟಾಗಿರುವ ಸಂಶಯವೂ ಇರುವುದರಿಂದ ಅಂಥವರ ತಲೆ ಹಿಂದಕ್ಕೆ ಬಾಗಿಸದೆ, ಎರಡೂ ಕಡೆಯ ದವಡೆಯ ಮೂಲೆ ಹಿಡಿದು ಮುಂದಕ್ಕೆ ಎತ್ತಿ. ನಾಲಿಗೆ ದವಡೆಯ ಜೊತೆಗೇ ಮುಂದೆ ಬರುತ್ತದೆ. ಎಷ್ಟೋ ಸಲ ಇಷ್ಟಕ್ಕೇ ಗೊರಕೆ ನಿಂತು ಉಸಿರು ಸಲೀಸಾಗುತ್ತದೆ, ನಳಿಕೆಯೇ ಬೇಡವಾಗುತ್ತದೆ.

ಸಕ್ಷನ್ ಪಂಪಿನ ಕಲ್ಪನೆ ಸರಿ, ಕೊಟ್ಟಿರುವ ಸಾಮಾನು ಕಳಪೆ. ಗಂಟಲು ಶುಚಿ ಮಾಡಲು ಕೊಳವೆ ಹಿಸುಕಿ ಹಿಡಿದಾಗ 300 ಎಂಎಂ ಮರ್ಕ್ಯುರಿಗೂ ಹೆಚ್ಚಿನ ಸೆಳೆತ ಸಿಗಬೇಕು. ಸೆಳೆತದ ಅಳತೆ ತೋರಿಸುವ ಗೇಜ್ ಇಲ್ಲದ ಪಂಪನ್ನು ಕೊಳ್ಳಲೇಬೇಡಿ. ಇನ್ನೂ ದೊಡ್ಡ ಕೊರತೆ ಅದರ ತುದಿ. ಕಿಟ್‌ನಲ್ಲಿರುವುದು 12 ನಂಬರಿನ ತೆಳು ಕ್ಯಾತಿಟರ್, ಅಂದರೆ ಹೊರವ್ಯಾಸವೇ 4 ಮಿ.ಮೀ. ಊಟ ಮಾಡಿದವರ ವಾಂತಿಯಲ್ಲಿ ಅನ್ನದ ಅಗಳಿರುತ್ತದೆ, ಅದಕ್ಕೆ ಈ ಕೊಳವೆ ಮೊದಲ ಸೆಳೆತದಲ್ಲೇ ಕಟ್ಟಿಕೊಳ್ಳುತ್ತದೆ. ಪರೀಕ್ಷೆ ಸುಲಭ: ಅಗಳಿರುವ ಗಂಜಿಯನ್ನು ಪಾತ್ರೆಗೆ ಹಾಕಿ ಎಳೆದು ನೋಡಿ. ಯಾಂಕಾವರ್ ಎಂಬ ಗಟ್ಟಿ, ಅಗಲ ಬಾಯಿಯ ತುದಿಯನ್ನು ಸರ್ಜಿಕಲ್ ಅಂಗಡಿಯಿಂದ ಬೇರೆ ತಂದಿಡಿ. ಅದೂ ಕಟ್ಟಿಕೊಂಡರೆ ತುದಿ ಕಿತ್ತು ದಪ್ಪ ಕೊಳವೆಯಿಂದಲೇ ಎಳೆಯಿರಿ. ಕಣ್ಣಿಗೆ ಕಾಣುವಷ್ಟು ಆಳಕ್ಕೆ ಮಾತ್ರ, ಒಂದು ಸಲಕ್ಕೆ 10ರಿಂದ 15 ಸೆಕೆಂಡು. ಅದಕ್ಕಿಂತ ಹೆಚ್ಚು ಹೊತ್ತು ಎಳೆದರೆ ಉಸಿರಾಡುವ ಗಾಳಿಯನ್ನೂ ಎಳೆದ ಹಾಗೆ. ಮಕ್ಕಳಿಗೆ ಸೆಳೆತ 80ರಿಂದ 120ರ ಒಳಗಿರಲಿ. ಪಂಪು ಕೈಗೆ ಬರುವವರೆಗೂ ಕಾಯಬೇಡಿ, ರೋಗಿಯನ್ನು ಮಗ್ಗುಲಾಗಿಸಿ ಮುಖ ಕೆಳಗೆ ಮಾಡಿದರೆ ಅರ್ಧ ಕೆಲಸ ಆಗಿಹೋಗುತ್ತದೆ. ಗದ್ದೆ, ತೋಟಕ್ಕೆ ಹೊಡೆಯುವ ಆರ್ಗನೊಫಾಸ್ಫೇಟ್ ಕೀಟನಾಶಕ ಹೊಟ್ಟೆಗೆ ಹೋದವರಲ್ಲಿ ಜೊಲ್ಲು ಒರತೆಯ ಹಾಗೆ ಬರುತ್ತಲೇ ಇರುತ್ತದೆ. ಅಲ್ಲಿ ಒಂದು ಸಲ ಎಳೆದು ಮುಗಿಸುವ ಹಾಗಿಲ್ಲ. ಅಂಥವರಿಗೆ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಲೂಬಾರದು, ಆಂಬು ಬ್ಯಾಗೇ ಬೇಕು.

ಆ ಬ್ಯಾಗು ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ವಸ್ತು. ನಾಗರಹಾವು ಅಥವಾ ಕಟ್ಟುಹಾವು ಕಚ್ಚಿದ ಮೇಲೆ ಮೊದಲು ರೆಪ್ಪೆ ಇಳಿಯುತ್ತದೆ, ಆಮೇಲೆ ಎಂಜಲು ನುಂಗಲಾಗುವುದಿಲ್ಲ, ಕತ್ತು ನಿಲ್ಲುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಗಂಟಲು ಕುಸಿಯುವುದು, ದ್ರವ ತುಂಬುವುದು ಎರಡೂ ಒಟ್ಟಿಗೇ ಆಗುವ ಸ್ಥಿತಿ ಇದು. ವಿಷಹರ ಔಷಧ ಮತ್ತು ವೆಂಟಿಲೇಟರ್ ಸಿಗುವವರೆಗೆ ಯಾರಾದರೂ ಬ್ಯಾಗ್ ಒತ್ತುತ್ತಿದ್ದರೆ ಆ ಮನುಷ್ಯ ಬದುಕಬಹುದು. ಕಣ್ಣು ಮುಚ್ಚಿ ಅಲ್ಲಾಡದೆ ಮಲಗಿದ್ದರೂ ಆತನಿಗೆ ಪೂರ್ತಿ ಎಚ್ಚರ ಇರಬಹುದು, ಎಲ್ಲ ಕೇಳಿಸುತ್ತಿರಬಹುದು. ಗಾಡಿಯಲ್ಲಿ ‘ಮುಗಿಯಿತು’ ಎಂಬ ಮಾತು ಯಾರ ಬಾಯಿಂದಲೂ ಬಾರದಿರಲಿ.

ಒತ್ತುವ ಕ್ರಮ: ದೊಡ್ಡವರಿಗೆ ಸುಮಾರು 6 ಸೆಕೆಂಡಿಗೊಮ್ಮೆ, ಪ್ರತಿ ಸಲವೂ ಒಂದು ಸೆಕೆಂಡು ನಿಧಾನವಾಗಿ, ಎದೆ ಏಳುವುದು ಕಂಡರೆ ಸಾಕು. ಬ್ಯಾಗಿನಲ್ಲಿ ಒಂದೂವರೆ ಲೀಟರ್ ಹಿಡಿಯುತ್ತದೆ, ಬೇಕಾದದ್ದು 500ರಿಂದ 600 ಮಿ.ಲೀ. ಪೂರ್ತಿ ಹಿಂಡಿದರೆ ಹೆಚ್ಚಿನ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗುತ್ತದೆ. ಒಬ್ಬರು ಎರಡೂ ಕೈಯಿಂದ ಮಾಸ್ಕ್ ಹಿಡಿದು ದವಡೆ ಎತ್ತಿ, ಇನ್ನೊಬ್ಬರು ಒತ್ತುವುದು ಎಲ್ಲಕ್ಕಿಂತ ಒಳ್ಳೆಯದು. ಒಬ್ಬರೇ ಮಾಡಿದರೆ ಮಾಸ್ಕ್ ಪಕ್ಕದಿಂದ ಗಾಳಿ ಸೋರುವುದು ಹೆಚ್ಚು. ಆಕ್ಸಿಜನ್ ಜೋಡಿಸದಿದ್ದರೆ ಇದು ಕೊಡುವುದು ಕೋಣೆಯ ಗಾಳಿಯಲ್ಲಿರುವ ಶೇ. 21 ಆಕ್ಸಿಜನ್ ಮಾತ್ರ, ಬ್ಯಾಗಿನ ಹಿಂಬದಿಗೆ ಆಕ್ಸಿಜನ್ ತುಂಬುವ ಚೀಲ ಜೋಡಿಸಿ ನಿಮಿಷಕ್ಕೆ 10ರಿಂದ 15 ಲೀಟರ್ ಆಕ್ಸಿಜನ್ ಹರಿಸಿದಾಗ ಹೆಚ್ಚುಕಡಿಮೆ ಶುದ್ಧ ಆಕ್ಸಿಜನ್ನೇ ಸಿಗುತ್ತದೆ.

ಬ್ಯಾಗು ಬಂದ ದಿನವೇ ನೋಡಬೇಕಾದ್ದು: ಹೊರಬಾಯಿಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿ ಒತ್ತಿ. ಬ್ಯಾಗು ಎದುರು ನಿಲ್ಲಬೇಕು. ಸಲೀಸಾಗಿ ಕುಗ್ಗಿದರೆ ವಾಲ್ವು ಸೋರುತ್ತಿದೆ, ವಾಪಸ್ ಕಳಿಸಿ. ತೊಳೆದ ಮೇಲೆ ವಾಲ್ವನ್ನು ತಿರುಗುಮುರುಗಾಗಿ ಜೋಡಿಸಿಬಿಡುವುದು ಸಾಮಾನ್ಯ ತಪ್ಪು. ಹಾಗಾದರೆ ಎಷ್ಟು ಒತ್ತಿದರೂ ಗಾಳಿ ರೋಗಿಗೆ ಹೋಗುವುದಿಲ್ಲ. ಮಳೆಗಾಲದ ತೇವಕ್ಕೆ ವಾಲ್ವಿನ ತೆಳು ಎಲೆ ಅಂಟಿಕೊಳ್ಳುತ್ತದೆ, ಆಗುಂಬೆ, ಹುಲಿಕಲ್ ಕಡೆಯ ಮಳೆಯಲ್ಲಂತೂ ಬಟ್ಟೆಚೀಲದಲ್ಲಿಟ್ಟ ಕಿಟ್ ಬೂಷ್ಟು ಹಿಡಿಯುವುದು ಖಂಡಿತ. ಸಿಲಿಕೋನಿನ ಬ್ಯಾಗನ್ನೇ ಆರಿಸಿ, ಪಿವಿಸಿ ಗಟ್ಟಿಯಾಗಿ ಬಿರಿಯುತ್ತದೆ. ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಟಾರ್ಚಿನ ಸೆಲ್ ಹೊರಗೆ ತೆಗೆದಿಡಿ. ಹೆಚ್ಚಿನ ಕಿಟ್‌ಗಳಲ್ಲಿ ದೊಡ್ಡವರ ಬ್ಯಾಗು ಮಾತ್ರ ಇರುತ್ತದೆ. ಶಾಲೆಗೆಂದು ಕೊಳ್ಳುವವರು 500 ಮಿ.ಲೀ. ಮಕ್ಕಳ ಬ್ಯಾಗನ್ನೂ ಚಿಕ್ಕ ಮಾಸ್ಕುಗಳನ್ನೂ ಕೇಳಿ ಪಡೆಯಬೇಕು.

ಮುಖಕ್ಕೆ ಒತ್ತಿ ಎಳೆಯುವ ‘ಆಂಟಿ ಚೋಕಿಂಗ್’ ಪಂಪಿಗೆ ಜಾಹೀರಾತಿನಲ್ಲಿ ಎಲ್ಲಕ್ಕಿಂತ ದೊಡ್ಡ ಚಿತ್ರ. ಒತ್ತಿದಾಗ ಗಾಳಿ ಪಕ್ಕದ ವಾಲ್ವಿನಿಂದ ಹೊರಹೋಗಿ, ಎಳೆದಾಗ ಗಂಟಲಲ್ಲಿ ಸೆಳೆತ ಹುಟ್ಟುತ್ತದೆ ಎಂಬುದು ತತ್ವ. ಗಡ್ಡ ಇದ್ದರೆ, ಹಲ್ಲಿಲ್ಲದೆ ಕೆನ್ನೆ ಒಳಗೆ ಹೋಗಿದ್ದರೆ ಮಾಸ್ಕ್ ಸರಿಯಾಗಿ ಕೂರುವುದಿಲ್ಲ. ಮುಖ್ಯವಾದ ತಕರಾರು ಸಮಯದ್ದು: ಹುಡುಕಿ, ಬಿಚ್ಚಿ, ಜೋಡಿಸುವಷ್ಟರಲ್ಲಿ ಕೈಯಿಂದ ಮಾಡಬಹುದಾದದ್ದು ತಡವಾಗುತ್ತದೆ. ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ಹೇಳಿದ್ದೂ ಇದನ್ನೇ, ಮೊದಲು ಒಪ್ಪಿತವಾದ ಕ್ರಮಗಳನ್ನೇ ಮಾಡಿ ಎಂದು. ನಾವೂ ಅದನ್ನು ಕೊನೆಗೆ ಇಡುತ್ತೇವೆ.

ಗಂಟಲಲ್ಲಿ ಗಟ್ಟಿ ವಸ್ತು ಸಿಕ್ಕಿಕೊಂಡಾಗ ಕೈಯಿಂದ ಮಾಡುವ ಕ್ರಮ ಹೀಗೆ. ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಬೆನ್ನು ಗುದ್ದಬೇಡಿ. ಮಾತು ನಿಂತು ಕೆಮ್ಮು ಹೊರಡದಿದ್ದರೆ ಮುಂದಕ್ಕೆ ಬಾಗಿಸಿ ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಬಲವಾದ ಪೆಟ್ಟು, ನಂತರ ಹಿಂದಿನಿಂದ ಅಪ್ಪಿ ಹೊಕ್ಕುಳದ ಸ್ವಲ್ಪ ಮೇಲೆ ಒಳಕ್ಕೂ ಮೇಲಕ್ಕೂ 5 ಒತ್ತು. ವಸ್ತು ಹೊರಬರುವವರೆಗೆ ಅಥವಾ ಪ್ರಜ್ಞೆ ತಪ್ಪುವವರೆಗೆ ಇದನ್ನೇ ಮಾಡುತ್ತಿರಿ. ಬಸುರಿಗೆ, ತುಂಬಾ ದಪ್ಪ ಇರುವವರಿಗೆ ಹೊಟ್ಟೆಯ ಬದಲು ಎದೆಮೂಳೆಯ ಮೇಲೆ ಒತ್ತಿ. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಲೇಬಾರದು. ತಲೆ ಕೆಳಗಿರುವಂತೆ ಮುಂಗೈ ಮೇಲೆ ಮಲಗಿಸಿ ಬೆನ್ನಿಗೆ 5, ತಿರುಗಿಸಿ ಎದೆಗೆ 5. ಪ್ರಜ್ಞೆ ತಪ್ಪಿದರೆ ನೆಲದ ಮೇಲೆ ಮಲಗಿಸಿ ಸಿಪಿಆರ್ (ಎದೆ ಒತ್ತುತ್ತ ನಡುನಡುವೆ ಉಸಿರು ಕೊಡುವುದು) ಶುರುಮಾಡಿ, ಪ್ರತಿ ಸಲ ಉಸಿರು ಕೊಡುವ ಮುಂಚೆ ಬಾಯೊಳಗೆ ನೋಡಿ. ಕಂಡದ್ದನ್ನು ಮಾತ್ರ ತೆಗೆಯಿರಿ. ಕಾಣದ್ದಕ್ಕೆ ಬೆರಳು ಹಾಕಿ ತಡಕಿದರೆ ಇನ್ನೂ ಕೆಳಗೆ ಇಳಿಯುತ್ತದೆ.

ಮಕ್ಕಳ ವಿಷಯದಲ್ಲಿ ಒಂದು ಮೋಸ ಇದೆ. ಹುಣಸೆಬೀಜ, ಕಡಲೆಬೀಜ, ಅಡಿಕೆ ಹೋಳು ಸಿಕ್ಕಿ ವಿಪರೀತ ಕೆಮ್ಮಿದ ಮಗು ಸ್ವಲ್ಪ ಹೊತ್ತಿಗೆ ಆಟಕ್ಕೆ ಹೋಗುತ್ತದೆ. ಬೀಜ ಹೊರಗೆ ಬಂದದ್ದನ್ನು ಯಾರೂ ನೋಡಿಲ್ಲ ಎಂದರೆ ಅದು ಶ್ವಾಸನಾಳದ ಕವಲಿಗೆ ಇಳಿದಿರಬಹುದು. ಎಕ್ಸ್‌ರೇಯಲ್ಲಿ ಬೀಜ ಕಾಣುವುದಿಲ್ಲ, ಎಕ್ಸ್‌ರೇ ಸರಿಯಾಗಿದೆ ಎಂದು ಸುಮ್ಮನಾಗುವ ಹಾಗೂ ಇಲ್ಲ. ಶ್ವಾಸನಾಳಕ್ಕೆ ಕೊಳವೆ ಇಳಿಸಿ ನೋಡುವ ಬ್ರಾಂಕೋಸ್ಕೋಪಿ ಮಾಡುವ ಕಡೆಗೇ ಕರೆದೊಯ್ಯಬೇಕು. ಕೆರೆ, ಹಳ್ಳದ ನೀರು ನೇರವಾಗಿ ಕುಡಿದವರಲ್ಲಿ ಇನ್ನೊಂದು ಅಪರೂಪದ ಕಾರಣ ಜಿಗಣೆ. ಕಾಡಿನಲ್ಲಿ ಕಾಲಿಗೆ ಹತ್ತುವ ಉಂಬಳ ಇದಲ್ಲ, ನೀರಿನೊಳಗಿನದು. ಎಳೆಯದಾಗಿ ಒಳಸೇರಿ ಗಂಟಲಲ್ಲಿ ಕಚ್ಚಿಕೊಂಡು ರಕ್ತ ಕುಡಿದು ದಪ್ಪವಾಗುತ್ತದೆ. ಉಗುಳಿನಲ್ಲಿ ಮತ್ತೆ ಮತ್ತೆ ರಕ್ತ, ಏನೋ ಹರಿದಾಡಿದ ಹಾಗೆ, ದನಿ ಬದಲಾಗುವುದು ಇದರ ಲಕ್ಷಣ. ಯಾವ ಪಂಪೂ ಅದನ್ನು ಬಿಡಿಸುವುದಿಲ್ಲ. ಇಎನ್‌ಟಿ ವೈದ್ಯರು ಕಣ್ಣಿಗೆ ಕಾಣುವಂತೆ ಮಾಡಿಕೊಂಡು ಇಕ್ಕಳದಿಂದ ತೆಗೆಯಬೇಕು.

ಊತಕ್ಕೆ ಕಿಟ್‌ನಲ್ಲಿ ಏನೂ ಇಲ್ಲ ಎಂದೆವಲ್ಲ, ಅದು ಸಣ್ಣ ಕೊರತೆಯಲ್ಲ. ಹೆಜ್ಜೇನು, ಕಡಜ ಕಚ್ಚಿ ಅಲರ್ಜಿಯಾದಾಗ ತುಟಿ, ನಾಲಿಗೆ, ಧ್ವನಿಪೆಟ್ಟಿಗೆ ಊದುತ್ತವೆ. ದನಿ ಒಡೆದು ಕೀರಲು ಉಸಿರು ಶುರುವಾದರೆ ಕೆಲಸಕ್ಕೆ ಬರುವುದು ಅಡ್ರಿನಲಿನ್ ಒಂದೇ. 1 ಮಿ.ಲೀ. ಆಂಪೂಲಿನಲ್ಲಿ 1 ಮಿ.ಗ್ರಾಂ ಇರುತ್ತದೆ; ದೊಡ್ಡವರಿಗೆ ಅರ್ಧ ಮಿ.ಲೀ. ತೊಡೆಯ ಹೊರಭಾಗದ ಸ್ನಾಯುವಿಗೆ, ಸುಧಾರಿಸದಿದ್ದರೆ 5 ನಿಮಿಷದ ಮೇಲೆ ಇನ್ನೊಮ್ಮೆ. ಅವಿಲ್, ಸ್ಟೀರಾಯ್ಡ್ ಇಂಜೆಕ್ಷನ್‌ಗಳು ಇದರ ಬದಲಿಗೆ ಆಗುವುದಿಲ್ಲ, ಅವು ಕೆಲಸ ಶುರುಮಾಡುವುದೇ ತಡ. ಇದು ವೈದ್ಯರ ಚೀಟಿಯ ಮೇಲೆ ಸಿಗುವ ಔಷಧ, ಪೆಟ್ಟಿಗೆಯಲ್ಲಿ ಹಾಕಿ ಮಾರುವ ಹಾಗಿಲ್ಲ, ನಿಜ. ಆದರೆ ಹಿಂದೆ ಒಮ್ಮೆ ಹೀಗಾದವರಿರುವ ಮನೆಯವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಂಡು, ಚೀಟಿ ಬರೆಸಿ, ಕೊಡುವುದನ್ನೂ ಕಲಿತಿಟ್ಟುಕೊಳ್ಳಬೇಕು.

ಮಕ್ಕಳಲ್ಲಿ ಊತ ಏಕೆ ಇಷ್ಟು ಬೇಗ ಕೆಡಿಸುತ್ತದೆ ಎಂಬುದಕ್ಕೆ ಲೆಕ್ಕವಿದೆ. ಕೊಳವೆಯ ತ್ರಿಜ್ಯ ಅರ್ಧವಾದರೆ ಗಾಳಿಗೆ ತಡೆ ಕಡೇಪಕ್ಷ 16 ಪಟ್ಟು ಏರುತ್ತದೆ. ಸುತ್ತಲೂ 1 ಮಿ.ಮೀ. ಊದಿದಾಗ 8 ಮಿ.ಮೀ. ವ್ಯಾಸದ ದೊಡ್ಡವರ ನಾಳ 6ಕ್ಕೆ ಇಳಿಯುತ್ತದೆ, ತಡೆ ಮೂರು ಪಟ್ಟು. ಕೂಸಿನ 4 ಮಿ.ಮೀ. ನಾಳ 2ಕ್ಕೆ ಇಳಿಯುತ್ತದೆ, ಅಲ್ಲಿ ಆ ಹದಿನಾರು ಪಟ್ಟು. ನಾಯಿ ಬೊಗಳಿದಂಥ ಕೆಮ್ಮಿನ ಕ್ರೂಪ್, ಜೊಲ್ಲು ಸುರಿಸುತ್ತ ಮುಂದಕ್ಕೆ ಬಾಗಿ ಕೂರುವ ಎಪಿಗ್ಲಾಟೈಟಿಸ್, ಗಂಟಲ ಹಿಂದಿನ ಕೀವು, ಇವುಗಳಲ್ಲಿ ಮಗುವನ್ನು ಅಳಿಸಬಾರದು, ಬಾಯಿ ತೆರೆಸಿ ಕಡ್ಡಿ ಹಾಕಿ ನೋಡಬಾರದು, ಅಮ್ಮನ ತೊಡೆಯಿಂದ ಇಳಿಸಬಾರದು. ಎಪಿಗ್ಲಾಟೈಟಿಸ್ ತರುವ ಹಿಬ್ ರೋಗಾಣುವಿಗೆ 6, 10, 14 ವಾರಕ್ಕೆ ಹಾಕಿಸುವ ಪೆಂಟಾವೇಲೆಂಟ್ ಲಸಿಕೆ ರಕ್ಷಣೆ ಕೊಡುತ್ತದೆ. ದೊಡ್ಡವರಲ್ಲಿ ಹುಳುಕು ಹಲ್ಲಿನಿಂದ ಶುರುವಾಗಿ ನಾಲಿಗೆಯ ಅಡಿ ಗಟ್ಟಿಯಾಗಿ ಊದುವ ಸೋಂಕೂ ಅಷ್ಟೇ ಅಪಾಯದ್ದು. ಕಿಟ್‌ನೊಳಗಿನ ಹಾಳೆ ‘ರೋಗಿಯನ್ನು ಅಂಗಾತ ಮಲಗಿಸಿ’ ಎಂದೇ ಶುರುವಾಗುತ್ತದೆ. ಊತ ಇರುವವರಿಗೆ ಈ ಸೂಚನೆ ಪಾಲಿಸಿದರೆ ಉಳಿದಿದ್ದ ಸಂದೂ ಮುಚ್ಚಬಹುದು. ಅವರು ಹೇಗೆ ಕೂತರೆ ಉಸಿರು ಸಲೀಸೋ ಹಾಗೆಯೇ ಕೂರಿಸಿ ಕರೆದೊಯ್ಯಿರಿ, 108ಕ್ಕೆ ಕರೆ ಮಾಡುವಾಗ ‘ಉಸಿರುದಾರಿ ಊದಿದೆ, ಆಕ್ಸಿಜನ್ ಬೇಕು’ ಎಂದೇ ಹೇಳಿ. ಆಗುಂಬೆ ಸುತ್ತಿನವರಿಗೆ ಘಾಟಿ ಇಳಿದರೆ ಮಣಿಪಾಲವೇ ಹತ್ತಿರ. ತುಮರಿ ಕಡೆಯವರಿಗೆ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ಕಷ್ಟ ತಪ್ಪಿದೆ.

ನಿಧಾನವಾಗಿ ಕಿರಿದಾಗುವ ಬಗೆಗೆ ಪೆಟ್ಟಿಗೆ ತೆರೆಯುವುದೇ ಬೇಡ. ಮೂರು ವಾರ ದಾಟಿದ ದನಿ ಒಡಕು, ಅದರಲ್ಲೂ ಕವಳ (ಎಲೆಅಡಿಕೆ), ಬೀಡಿ ಅಭ್ಯಾಸ ಇರುವವರಲ್ಲಿ, ಇಎನ್‌ಟಿ ಪರೀಕ್ಷೆಗೆ ಕಾರಣ. ವಿಷ ಕುಡಿದೋ ಹಾವು ಕಚ್ಚಿಯೋ ವೆಂಟಿಲೇಟರಿನಲ್ಲಿದ್ದು ಬದುಕಿ ಬಂದವರಿಗೆ ಕೆಲವು ವಾರಗಳ ಮೇಲೆ ಉಸಿರಾಟದಲ್ಲಿ ಶಬ್ದ ಶುರುವಾದರೆ ಅಸ್ತಮಾ ಎಂದು ಇನ್‌ಹೇಲರ್ ಎಳೆಯುತ್ತ ಕೂರಬಾರದು. ಕೊಳವೆ ಇದ್ದ ಜಾಗ ಗಾಯ ಮಾಯುತ್ತ ಸಣ್ಣಗಾಗಿರುತ್ತದೆ.

ಕೊಳ್ಳುವವರಿಗೆ ನಮ್ಮ ಸಲಹೆ ಇಡೀ ಕಿಟ್ ಬೇಡ ಎಂದೇ. ಸಿಲಿಕೋನ್ ಆಂಬು ಬ್ಯಾಗು ದೊಡ್ಡವರದೊಂದು, ಮಕ್ಕಳದೊಂದು; ಗ್ಯುಡೆಲ್ 0ಯಿಂದ 4ರವರೆಗೆ ಒಂದೊಂದು; 6 ಮತ್ತು 7ರ ಮೂಗಿನ ನಳಿಕೆ, ಜೆಲ್ಲಿ; ಗೇಜ್ ಇರುವ ಸಕ್ಷನ್ ಪಂಪು, ಯಾಂಕಾವರ್ ತುದಿ ಎರಡು. ಇವೆಲ್ಲ ಸರ್ಜಿಕಲ್ ಅಂಗಡಿಗಳಲ್ಲಿ ಬಿಡಿಯಾಗಿ ಸಿಗುತ್ತವೆ, ಕೈಯಲ್ಲಿ ಹಿಡಿದು ಒತ್ತಿ ನೋಡಿ ತರಬಹುದು. ಬ್ಯಾಗು ಒತ್ತುವುದನ್ನು ಮನೆಯಲ್ಲಿ ಕನಿಷ್ಠ ಇಬ್ಬರು ತರಬೇತಿಯ ಗೊಂಬೆಯ ಮೇಲೆ ಕಲಿತಿರಲಿ, ಯಾಕೆಂದರೆ ತೀರ್ಥಹಳ್ಳಿಯಿಂದ ಶಿವಮೊಗ್ಗದವರೆಗೆ ಒಬ್ಬರ ಕೈ ಸೋಲುತ್ತದೆ. ಈಗಾಗಲೇ ಕಿಟ್ ಕೊಂಡಿರುವವರು ಪ್ಲಾಸ್ಟಿಕ್ ಸ್ಕ್ರೂ ತೆಗೆದುಹಾಕಿ, ತೆಳು ಕ್ಯಾತಿಟರ್ ಬದಲಿಸಿ, ಹಾಳೆಯಲ್ಲಿನ ‘ಅಂಗಾತ ಮಲಗಿಸಿ’ ಸಾಲಿನ ಮೇಲೆ ‘ಪ್ರಜ್ಞೆ ಇದ್ದರೆ ಕೂರಿಸಿ’ ಎಂದು ಪೆನ್ನಿನಲ್ಲಿ ಬರೆದಿಡಿ.